ತಂತಿ ತೆಗೆಯುವ ಹೊತ್ತು

ಕೆಲವು ವರ್ಷಗಳ ಹಿಂದೆ ಒಂದು ಶಾಲೆಯ ವಾರ್ಷಿಕೋತ್ಸವದಲ್ಲಿ ಮಾತನಾಡುವ ಅವಕಾಶ ನನಗೆ ದೊರೆತಿತ್ತು. ಮೂವತ್ತನಾಲ್ಕು ವರ್ಷ ಪಾಠ ಹೇಳಿ ನಿವೃತ್ತನಾದವನಿಗೆ ವೇದಿಕೆ ಏರಿದೊಡನೆ ಉಪದೇಶ ತಾನಾಗಿಯೇ ಬಾಯಿಗೆ ಬರುತ್ತದೆ. ಅಂದು ನಾನು ಹೆತ್ತವರನ್ನು ಉದ್ದೇಶಿಸಿ, “ನಿಮ್ಮ ಮಕ್ಕಳನ್ನು ಬೊನ್ಸಾಯ್ ಮಾಡಬೇಡಿ. ಮುಗಿಲೆತ್ತರಕ್ಕೆ ಬೆಳೆಯಬೇಕಾದ ಆಲದ ಬೇರು ಕತ್ತರಿಸಿ, ತಂತಿ ಬಿಗಿದು, ತಟ್ಟೆಯಲ್ಲಿಟ್ಟು ನೋಡಿ ಸಂತೋಷಪಡುವುದು ಕಲೆಯಲ್ಲ, ಕ್ರೌರ್ಯ” ಎಂದೆ. ಚಪ್ಪಾಳೆ ಬಿತ್ತು. ಬೀಳುವುದೆಂದು ನನಗೆ ಗೊತ್ತಿತ್ತು. ಹತ್ತಾರು ಭಾಷಣಗಳಲ್ಲಿ ಬಳಸಿ ಸವೆದುಹೋಗಿದ್ದ ಹೋಲಿಕೆ ಅದು.

ಸಭೆ ಮುಗಿದ ಮೇಲೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬಳಿಗೆ ಬಂದಳು. ಈಗ ಅವಳೂ ಒಬ್ಬ ತಾಯಿ. ಬೊನ್ಸಾಯ್ ಬೆಳೆಸುವುದು ಅವಳ ಹವ್ಯಾಸವೆಂದು ನನಗೆ ತಿಳಿದಿರಲಿಲ್ಲ. ಅವಳು ವಾದ ಮಾಡಲಿಲ್ಲ. ಮರುವಾರ ಒಂದು ಗೇಣೆತ್ತರದ ಫೈಕಸ್ ಗಿಡವನ್ನು ಆಳವಿಲ್ಲದ ಕುಂಡದ ಸಮೇತ ನಮ್ಮ ಮನೆಗೆ ತಂದಿಟ್ಟು, “ಸರ್, ಇದನ್ನು ಎರಡು ವರ್ಷ ನೋಡಿಕೊಳ್ಳಿ. ಆಮೇಲೂ ಅದೇ ಮಾತು ಹೇಳಬೇಕೆನಿಸಿದರೆ ಹೇಳಿ” ಎಂದು ಹೊರಟುಹೋದಳು. ಶಿಷ್ಯೆಯಿಂದ ನನಗೆ ದೊರೆತ ಮನೆಗೆಲಸ ಅದು. ಆ ಗಿಡ ನನಗೆ ಕಲಿಸಿದ್ದನ್ನೂ, ಕಲಿಸುವಾಗ ನೋಯಿಸಿದ್ದನ್ನೂ ಓದುಗರ ಮುಂದಿಡುವುದು ಈ ಬರಹದ ಉದ್ದೇಶ.

ಆರೋಪವೇನು, ವಾಸ್ತವವೇನು?

‘ಬೊನ್’ ಎಂದರೆ ತಟ್ಟೆಯಂಥ ಪಾತ್ರೆ, ‘ಸಾಯ್’ ಎಂದರೆ ನೆಡುವುದು. ಹೆಸರು ಜಪಾನಿನದಾದರೂ ಮೂಲ ಚೀನಾದ್ದು. ಕ್ರಿ.ಶ. 706ರಲ್ಲಿ ನಿರ್ಮಾಣಗೊಂಡ ಚೀನಾದ ರಾಜಕುಮಾರನೊಬ್ಬನ ಸಮಾಧಿಯ ಗೋಡೆಯ ಮೇಲೆ, ಪುಟ್ಟ ಕಲ್ಲುಗಳನ್ನೂ ಗಿಡಗಳನ್ನೂ ಜೋಡಿಸಿದ ತಟ್ಟೆಯನ್ನು ಹಿಡಿದ ಸೇವಕರ ಚಿತ್ರವಿದೆ. ಜಪಾನಿನಲ್ಲಿ 1309ರ ಒಂದು ಚಿತ್ರಸುರುಳಿಯಲ್ಲಿ ಇಂಥ ಗಿಡಗಳು ಕಾಣುತ್ತವೆ. ನಮ್ಮಲ್ಲಿಯೂ ಇದು ಅಪರಿಚಿತವಲ್ಲ. ಬೆಂಗಳೂರಿನ ಲಾಲ್‌ಬಾಗಿನಲ್ಲಿಯೂ ಮೈಸೂರಿನ ಗಣಪತಿ ಸಚ್ಚಿದಾನಂದ ಆಶ್ರಮದ ಉದ್ಯಾನದಲ್ಲಿಯೂ ಇವುಗಳ ಮುಂದೆ ಜನರು ನಿಂತು ಬೆರಗಾಗುತ್ತಾರೆ. ಬೆರಗಿನ ಹಿಂದೆಯೇ “ಪಾಪ!” ಎಂಬ ಉದ್ಗಾರವೂ ಕೇಳುತ್ತದೆ.

ಈ ಮರುಕದ ಹಿಂದೆ ಒಂದು ನಂಬಿಕೆಯಿದೆ. ಗಿಡವನ್ನು ಉಪವಾಸ ಕೆಡವಿ ಕುಳ್ಳಾಗಿಸುತ್ತಾರೆ ಎಂಬ ನಂಬಿಕೆ. ನಾನೂ ಹಾಗೆಯೇ ತಿಳಿದಿದ್ದೆ. ವಾಸ್ತವ ಬೇರೆ. ಹಸಿದ ಗಿಡ ಬೊನ್ಸಾಯ್ ಆಗುವುದಿಲ್ಲ, ಸಾಯುತ್ತದೆ. ಕುಂಡದಲ್ಲಿ ಮಣ್ಣು ಕಡಮೆಯಿರುವುದರಿಂದಲೇ ಅದಕ್ಕೆ ಹೊಲದ ಮರಕ್ಕಿಂತ ಹೆಚ್ಚು ಗಮನ ಬೇಕು. ಬೇಸಗೆಯಲ್ಲಿ ದಿನಕ್ಕೆರಡು ಬಾರಿ ನೀರು, ಬೆಳೆಯುವ ಕಾಲದಲ್ಲಿ ತೆಳುವಾದ ಗೊಬ್ಬರ, ಸಾಕಷ್ಟು ಬಿಸಿಲು. ಎರಡು ಮೂರು ವರ್ಷಕ್ಕೊಮ್ಮೆ ಕುಂಡದಿಂದೆತ್ತಿ ಬೇರುಗಳನ್ನು ಸವರುವುದು ಗಿಡವನ್ನು ದಂಡಿಸುವುದಕ್ಕಲ್ಲ. ಸವರದೆ ಬಿಟ್ಟರೆ ಬೇರುಗಳು ಕುಂಡದೊಳಗೆ ಸುತ್ತಿಕೊಂಡು, ನೀರಿಗೂ ಗಾಳಿಗೂ ದಾರಿಯಿಲ್ಲದೆ ಗಿಡ ಉಸಿರುಕಟ್ಟುತ್ತದೆ. ಸವರಿದಲ್ಲಿ ಹೊಸ ಎಳೆಬೇರುಗಳು ಹುಟ್ಟುತ್ತವೆ. ನೀರು ಕುಡಿಯುವುದು ಆ ಎಳೆಬೇರುಗಳೇ.

ಇನ್ನೊಂದು ಸಂಗತಿ ನನ್ನನ್ನು ಮತ್ತೂ ಚಕಿತಗೊಳಿಸಿತು. ಬೊನ್ಸಾಯ್ ಎಂಬ ಕುಬ್ಜ ಜಾತಿಯ ಮರವಿಲ್ಲ. ಹುಣಸೆಯೋ ಆಲವೋ ದಾಳಿಂಬೆಯೋ, ಅದರ ಬೀಜಗುಣ ಎಳ್ಳಷ್ಟೂ ಬದಲಾಗಿರುವುದಿಲ್ಲ. ಅದರ ಬೀಜವನ್ನು ನೆಲದಲ್ಲಿ ಬಿತ್ತಿದರೆ ದೊಡ್ಡ ಮರವೇ ಆಗುತ್ತದೆ. ಆರೈಕೆಯಿಂದ ಎಲೆ ಚಿಕ್ಕದಾಗಬಹುದು, ಆದರೆ ಹೂವೂ ಹಣ್ಣೂ ಚಿಕ್ಕದಾಗುವುದಿಲ್ಲ. ಮೊಳದೆತ್ತರದ ದಾಳಿಂಬೆ ಗಿಡ ತನ್ನ ಜಾತಿಗೆ ತಕ್ಕ ಗಾತ್ರದ ಹಣ್ಣನ್ನೇ ಬಿಡುತ್ತದೆ. ‘ಕುಬ್ಜ’ ಎಂದು ನಾವು ಮರುಕಪಟ್ಟ ಗಿಡ ಫಲದ ವಿಷಯದಲ್ಲಿ ಕುಬ್ಜವಾಗಲು ಒಪ್ಪಿಯೇ ಇಲ್ಲ!

ಹಾಗಿದ್ದರೂ ಪ್ರಶ್ನೆ ತೀರಲಿಲ್ಲ. ಗಿಡಕ್ಕೆ ನೋವಾಗುವುದಿಲ್ಲವೇ? ನಮಗಿರುವಂಥ ನರಮಂಡಲವಾಗಲಿ ಮಿದುಳಾಗಲಿ ಸಸ್ಯಕ್ಕಿಲ್ಲ. ಗಾಯಕ್ಕೆ ಅದು ಸ್ಪಂದಿಸುತ್ತದೆ, ಆದರೆ ನಮ್ಮಂತೆ ನೋವನ್ನು ಅನುಭವಿಸುತ್ತದೆ ಎನ್ನಲು ಆಧಾರವಿಲ್ಲವೆಂದು ಬಹುಪಾಲು ಸಸ್ಯವಿಜ್ಞಾನಿಗಳು ಹೇಳುತ್ತಾರೆ. ಬೇಲಿಯನ್ನು ಸಮಮಾಡುವವನನ್ನೂ ಕಾಫಿ ಗಿಡವನ್ನು ಸವರುವವನನ್ನೂ ನಾವು ಕ್ರೂರಿ ಎನ್ನುವುದಿಲ್ಲ. ಆದ್ದರಿಂದ ನಿಜವಾದ ನೈತಿಕ ಪ್ರಶ್ನೆ ಗಿಡಕ್ಕೆ ಏನಾಗುತ್ತದೆ ಎಂಬುದಷ್ಟೇ ಅಲ್ಲ, ಕತ್ತರಿ ಹಿಡಿದ ಕೈಗೆ ಏನಾಗುತ್ತದೆ ಎಂಬುದು. ಬೇರೊಂದು ಜೀವಕ್ಕೆ ಆಕಾರ ಕೊಡುವ ಅಧಿಕಾರ ಕೈಗೆ ಬಂದಾಗ ಮನುಷ್ಯ ತಾಳ್ಮೆಯನ್ನು ಕಲಿಯುತ್ತಾನೋ, ದರ್ಪವನ್ನೋ?

ನಾನು ಮಾಡಿದ ತಪ್ಪು

ಮೊದಲ ವರ್ಷ ಎಲ್ಲವೂ ಸರಿಯಾಗಿಯೇ ನಡೆಯಿತು. ಎರಡನೆಯ ವರ್ಷದ ಮೇ ತಿಂಗಳಲ್ಲಿ ಎಡಗಡೆಯ ಕೊಂಬೆಯೊಂದು ನೆಟ್ಟಗೆ ಮೇಲೇಳುತ್ತಿರುವುದನ್ನು ಕಂಡು, ವಯಸ್ಸಾದ ಮರದ ಕೊಂಬೆಯಂತೆ ಅದನ್ನು ಸ್ವಲ್ಪ ಬಾಗಿಸಬೇಕೆಂದು ಅಲ್ಯೂಮಿನಿಯಂ ತಂತಿಯನ್ನು ಸುತ್ತಿದೆ. ತಂತಿಯನ್ನು ಓರೆಯಾಗಿ, ಬಿಗಿಯದೆ ಸುತ್ತಬೇಕು. ಕೊಂಬೆಯನ್ನು ನಿಧಾನವಾಗಿ, ಹೆಬ್ಬೆರಳಿನ ಆಸರೆ ಕೊಟ್ಟು ಬಾಗಿಸಬೇಕು. ಅದೆಲ್ಲವನ್ನೂ ಶ್ರದ್ಧೆಯಿಂದಲೇ ಮಾಡಿದೆ. “ವಾರಕ್ಕೊಮ್ಮೆ ನೋಡಿ ಸರ್. ಮಳೆಗಾಲದಲ್ಲಿ ಫೈಕಸ್ ಬೇಗ ದಪ್ಪವಾಗುತ್ತದೆ” ಎಂದು ಶಿಷ್ಯೆ ಎಚ್ಚರಿಸಿದ್ದಳು.

ಜೂನ್‌ನಲ್ಲಿ ಮಗಳ ಮನೆಗೆ ಹೋದವನು ಎರಡು ತಿಂಗಳು ಅಲ್ಲೇ ಉಳಿದೆ. ನೀರಿನ ಚಿಂತೆಯಿರಲಿಲ್ಲ, ಮಳೆಯೇ ನೋಡಿಕೊಳ್ಳುತ್ತಿತ್ತು. ಮರಳಿ ಬಂದಾಗ ಗಿಡ ಸೊಂಪಾಗಿತ್ತು. ಆದರೆ ಎಡಗಡೆಯ ಕೊಂಬೆಯ ಮೇಲೆ ತಂತಿ ಕಾಣಿಸಲಿಲ್ಲ. ಕಳಚಿ ಬಿದ್ದಿರಬೇಕೆಂದುಕೊಂಡೆ. ಹತ್ತಿರ ಹೋಗಿ ನೋಡಿದರೆ, ತೊಗಟೆ ತಂತಿಯ ಎರಡೂ ಬದಿಯಿಂದ ಉಬ್ಬಿ ಬಂದು ಅದನ್ನು ನುಂಗತೊಡಗಿತ್ತು. ಬಿಚ್ಚಲು ಹೋಗಿ ತೊಗಟೆ ಕಿತ್ತೆ. ಬಳಿಕ ಅವಳನ್ನು ಕರೆಸಿದೆ. ತಂತಿಯನ್ನು ಎಂದೂ ಸುತ್ತು ಬಿಚ್ಚಿ ತೆಗೆಯಬಾರದು, ತುಂಡು ತುಂಡಾಗಿ ಕತ್ತರಿಸಿ ತೆಗೆಯಬೇಕು ಎಂದು ಅವಳು ಮಾಡಿ ತೋರಿಸಿದಳು. ಕೊಂಬೆಯ ಸುತ್ತ ಹಾವು ಸುತ್ತಿಕೊಂಡಂತೆ ಒಂದು ಗುರುತು ಉಳಿಯಿತು. ಇಂದಿಗೂ ಇದೆ.

ಆ ಗುರುತನ್ನು ನೋಡುತ್ತ ಕುಳಿತಿದ್ದ ಒಂದು ಸಂಜೆ, ನಾನು ಬಹುಕಾಲ ನೆನೆಯದೆ ಬಿಟ್ಟಿದ್ದ ಹುಡುಗನೊಬ್ಬ ಮನಸ್ಸಿಗೆ ಬಂದ. ಒಂಬತ್ತನೆಯ ತರಗತಿಯಲ್ಲಿದ್ದ. ಮಾತನಾಡುವಾಗ ತೊದಲುತ್ತಿದ್ದ. ಅವನ ಹೆದರಿಕೆಯನ್ನು ಬಿಡಿಸಬೇಕೆಂದು ದಿನಕ್ಕೊಂದು ಪುಟವನ್ನು ಎದ್ದು ನಿಂತು ಓದುವಂತೆ ಮಾಡಿದೆ. ನಾನು ಪಕ್ಕದಲ್ಲಿ ನಿಲ್ಲುತ್ತಿದ್ದೆ, ಅವನು ತಡವರಿಸಿದರೆ ಜೊತೆಗೆ ಓದುತ್ತಿದ್ದೆ, ಯಾರೂ ನಗದಂತೆ ನೋಡಿಕೊಳ್ಳುತ್ತಿದ್ದೆ. ಮೂರು ತಿಂಗಳಲ್ಲಿ ಅವನ ದನಿ ಸ್ವಲ್ಪ ತಿಳಿಯಾಯಿತು. ಅಷ್ಟರಲ್ಲಿ ನನಗೆ ಬೇರೊಂದು ಊರಿಗೆ ವರ್ಗವಾಯಿತು. ಬೀಳ್ಕೊಡುಗೆ, ಹಾರ, ಭಾಷಣ ಎಲ್ಲವೂ ಆದವು. ಆ ಹುಡುಗನ ವಿಷಯವನ್ನು ಯಾರಿಗೂ ಹೇಳಿ ಹೋಗಲಿಲ್ಲ.

ಹತ್ತು ಹನ್ನೆರಡು ವರ್ಷಗಳ ನಂತರ ಬಸ್ ನಿಲ್ದಾಣವೊಂದರಲ್ಲಿ ಅವನೇ ನನ್ನನ್ನು ಗುರುತು ಹಿಡಿದು ನಮಸ್ಕರಿಸಿದ. ಕೇಳಿದ್ದಕ್ಕೆ ಹೇಳಿದ: ನಾನು ಹೋದ ಮೇಲೂ ಓದುವ ಕ್ರಮ ಮುಂದುವರಿದಿತ್ತು. ‘ಹಳೆಯ ಮೇಷ್ಟ್ರ ನಿಯಮ’ ಎಂದು ದಿನವೂ ಅವನನ್ನು ಎಬ್ಬಿಸಿ ನಿಲ್ಲಿಸುತ್ತಿದ್ದರು. ಪಕ್ಕದಲ್ಲಿ ಯಾರೂ ನಿಲ್ಲುತ್ತಿರಲಿಲ್ಲ. ತರಗತಿ ನಗುತ್ತಿತ್ತು. ಆ ವರ್ಷದ ಕೊನೆಗೆ ಅವನು ಶಾಲೆ ಬಿಟ್ಟ. ಹೇಳುವಾಗ ಅವನ ದನಿಯಲ್ಲಿ ದೂರಿರಲಿಲ್ಲ. ತೊದಲು ಮಾತ್ರ ಹಾಗೆಯೇ ಇತ್ತು.

ಅಂದು ನಾನು “ಛೇ, ಹೀಗಾಗಬಾರದಿತ್ತು” ಎಂದು ಬಸ್ಸು ಹತ್ತಿದವನು. ತಂತಿ ನುಂಗಿದ ಕೊಂಬೆಯ ಮುಂದೆ ಕುಳಿತಾಗಲೇ ನನಗೆ ಅರ್ಥವಾದದ್ದು, ತಂತಿಯನ್ನು ಸುತ್ತಿದವನು ನಾನೇ ಎಂದು. ಸುತ್ತಿದ್ದು ತಪ್ಪಾಗಿರಲಿಲ್ಲ. ಸುತ್ತಿ ಮರೆತದ್ದು ತಪ್ಪು.

ಹೋಲಿಕೆ ಎಲ್ಲಿ ನಿಲ್ಲುತ್ತದೆ?

ಹಾಗಾದರೆ ವೇದಿಕೆಯ ಮೇಲೆ ನಾನು ಹೇಳಿದ ಮಾತು ಸಂಪೂರ್ಣ ಸುಳ್ಳೇ? ಅಲ್ಲ. ಅರ್ಧ ಸತ್ಯ. ತಿದ್ದುವುದೇ ಕ್ರೌರ್ಯವೆಂದು ಹೇಳಿದ್ದು ತಪ್ಪು. ಬೆಟ್ಟದ ಬಂಡೆಯ ಬಿರುಕಿನಲ್ಲಿ ಬೇರೂರಿದ ಮರವನ್ನು ಗಾಳಿ ಬಾಗಿಸುತ್ತದೆ, ಆಡು ಸವರುತ್ತದೆ. ಯಾರೂ ಮುಟ್ಟದೆ ಬೆಳೆದ ಜೀವ ಪ್ರಪಂಚದಲ್ಲಿಲ್ಲ. ಮಗುವನ್ನು ಅದರ ಪಾಡಿಗೆ ಬಿಟ್ಟೆವೆಂದು ಹೇಳುವ ಹೆತ್ತವರು, ವಾಸ್ತವದಲ್ಲಿ ಅದನ್ನು ಬೀದಿಯ ಗಾಳಿಗೆ, ಜಾಹೀರಾತಿನ ಕತ್ತರಿಗೆ ಒಪ್ಪಿಸಿರುತ್ತಾರೆ.

ಆದರೆ ಮರಕ್ಕೂ ಮಗುವಿಗೂ ನಡುವೆ ದಾಟಲಾರದ ಒಂದು ಗೆರೆಯಿದೆ. ಬೊನ್ಸಾಯ್ ಕಲಿಯುವವನಿಗೆ ಮೊದಲು ಕಲಿಸುವ ಪಾಠಗಳಲ್ಲೊಂದು, ಗಿಡದ ‘ಮುಖ’ವನ್ನು ಗುರುತಿಸುವುದು. ಪ್ರತಿಯೊಂದು ಬೊನ್ಸಾಯ್‌ಗೂ ಒಂದು ಮುಂಭಾಗವಿದೆ. ನೋಡುವವನು ಅಲ್ಲಿ ನಿಂತು ನೋಡಲಿ ಎಂದೇ ಕೊಂಬೆಗಳನ್ನು ಅಳವಡಿಸುತ್ತಾರೆ. ಗಿಡಕ್ಕೆ ಅದರಿಂದ ನಷ್ಟವಿಲ್ಲ, ತನ್ನನ್ನು ಯಾರು ನೋಡುತ್ತಿದ್ದಾರೆಂಬುದು ಅದಕ್ಕೆ ತಿಳಿಯದು. ಮಗುವಿಗೆ ತಿಳಿಯುತ್ತದೆ. ನೆಂಟರಿಗೆ ಕಾಣುವ ಬದಿಯಷ್ಟೇ ಚೆಂದವಾಗಿರಲಿ, ಅಂಕಪಟ್ಟಿಯಲ್ಲಿ ಕಾಣುವ ಮುಖವಷ್ಟೇ ಬೆಳೆಯಲಿ ಎಂದು ಬೆಳೆಸಿದ ಮಗುವಿಗೆ, ತನ್ನ ಹಿಂಭಾಗವನ್ನು ಯಾರೂ ಪ್ರೀತಿಸಲಿಲ್ಲವೆಂಬುದು ಚೆನ್ನಾಗಿ ಗೊತ್ತಿರುತ್ತದೆ. ಮನುಷ್ಯನಿಗೆ ಮುಂಭಾಗವೆಂಬುದಿಲ್ಲ. ನೋಡುವವನ ಸಂತೋಷಕ್ಕಾಗಿ ಒಂದು ಜೀವವನ್ನು ರೂಪಿಸುವುದು ಗಿಡದ ವಿಷಯದಲ್ಲಿ ಕಲೆಯಾಗಬಹುದು, ಮನುಷ್ಯನ ವಿಷಯದಲ್ಲಿ ಅದು ಅನ್ಯಾಯ. ನನ್ನ ಭಾಷಣದ ಸತ್ಯಾಂಶ ಇಷ್ಟೇ ಆಗಿತ್ತು. ಅದನ್ನು ನಾನು ಸರಿಯಾಗಿ ಹೇಳಿರಲಿಲ್ಲ.

ಒಡೆತನವೋ, ಕಾವಲೋ?

ಈ ಕಲೆಯ ಇತಿಹಾಸದಲ್ಲಿ ನನ್ನನ್ನು ಬಹಳ ಕಾಡಿದ ಮರವೊಂದಿದೆ. ಜಪಾನಿನ ಬಿಳಿ ಪೈನ್ ಜಾತಿಯದು. 1625ರಿಂದ ಆರೈಕೆಯಲ್ಲಿರುವುದು. ಹಿರೋಶಿಮಾದ ಯಮಾಕಿ ಮನೆತನದವರು ಅದನ್ನು ತಲೆಮಾರಿನಿಂದ ತಲೆಮಾರಿಗೆ ಕಾಪಾಡಿಕೊಂಡು ಬಂದಿದ್ದರು. 1945ರ ಆಗಸ್ಟ್ 6ರ ಬೆಳಿಗ್ಗೆ ಅಣುಬಾಂಬು ಸಿಡಿದಾಗ ಅವರ ಮನೆ ಸ್ಫೋಟದ ಕೇಂದ್ರದಿಂದ ಸುಮಾರು ಮೂರು ಕಿಲೋಮೀಟರ್ ದೂರದಲ್ಲಿತ್ತು. ಕಿಟಕಿಗಳು ಸಿಡಿದು ಗಾಜಿನ ಚೂರುಗಳು ಮನೆಯವರನ್ನು ಗಾಯಗೊಳಿಸಿದವು, ಆದರೂ ಎಲ್ಲರೂ ಬದುಕುಳಿದರು. ಎತ್ತರದ ಗೋಡೆಯೊಂದರ ಮರೆಯಲ್ಲಿದ್ದ ಮರವೂ ಉಳಿಯಿತು.

1976ರಲ್ಲಿ ಅಮೆರಿಕವು ತನ್ನ ಸ್ವಾತಂತ್ರ್ಯದ ಇನ್ನೂರನೆಯ ವರ್ಷವನ್ನು ಆಚರಿಸಿದಾಗ ಜಪಾನಿನ ಬೊನ್ಸಾಯ್ ಬೆಳೆಗಾರರು 53 ಗಿಡಗಳನ್ನು ಆ ದೇಶಕ್ಕೆ ಕಾಣಿಕೆಯಾಗಿ ಕಳುಹಿಸಿದರು. ಮಸಾರು ಯಮಾಕಿಯವರು ಕೊಟ್ಟದ್ದು ಈ ಪೈನ್ ಮರವನ್ನು. ತಮ್ಮ ಊರನ್ನು ಸುಟ್ಟ ದೇಶಕ್ಕೆ, ಆ ಬೆಂಕಿಯಿಂದ ಪಾರಾದ ಮರವನ್ನೇ ಕೊಟ್ಟರು. ಹಾಗೆಂದು ಎಲ್ಲಿಯೂ ಹೇಳಿಕೊಳ್ಳಲಿಲ್ಲ. ವಾಷಿಂಗ್ಟನ್ ನಗರದ ರಾಷ್ಟ್ರೀಯ ಸಸ್ಯೋದ್ಯಾನದಲ್ಲಿ ಇಪ್ಪತ್ತೈದು ವರ್ಷ ಅದು ಇತರ ಗಿಡಗಳ ನಡುವೆ ಒಂದಾಗಿತ್ತು. 2001ರಲ್ಲಿ ಅವರ ಇಬ್ಬರು ಮೊಮ್ಮಕ್ಕಳು ತಾತನ ಮರವನ್ನು ನೋಡಲು ಹೋದಾಗಲಷ್ಟೇ ಅಲ್ಲಿನವರಿಗೆ ಅದರ ಕಥೆ ತಿಳಿಯಿತು. ಕ್ಷಮೆಯ ಬಗ್ಗೆ ನಾನು ಅನೇಕ ಉಪನ್ಯಾಸಗಳನ್ನು ಕೇಳಿದ್ದೇನೆ, ಕೆಲವನ್ನು ಮಾಡಿಯೂ ಇದ್ದೇನೆ. ಯಮಾಕಿಯವರ ಮೌನದ ಮುಂದೆ ಅವು ಬಹಳ ದೀರ್ಘವೆನಿಸುತ್ತವೆ.

ಒಂದು ಮರವನ್ನು ನಾಲ್ಕು ನೂರು ವರ್ಷ ಯಾರೂ ಒಡೆಯರಾಗಿ ಇಟ್ಟುಕೊಳ್ಳಲಾರರು. ಪ್ರತಿಯೊಬ್ಬರೂ ತಮ್ಮ ಪಾಲಿನ ಕೆಲವು ದಶಕ ನೀರೆರೆದು ಮುಂದಿನವರಿಗೆ ಒಪ್ಪಿಸುತ್ತಾರೆ. 2019ರ ಜನವರಿಯಲ್ಲಿ ಟೋಕಿಯೊ ಸಮೀಪದ ಕವಾಗುಚಿ ಪಟ್ಟಣದ ತೋಟವೊಂದರಿಂದ ಏಳು ಬೊನ್ಸಾಯ್‌ಗಳನ್ನು ಕಳ್ಳರು ಒಯ್ದರು. ಅವುಗಳಲ್ಲಿ ನಾಲ್ಕು ನೂರು ವರ್ಷದ ಜುನಿಪರ್ ಮರವೂ ಒಂದು. ಅದನ್ನು ಬೆಳೆಸಿದ ದಂಪತಿ ಕಳ್ಳರಲ್ಲಿ ಬಹಿರಂಗವಾಗಿ ಬೇಡಿಕೊಂಡದ್ದು, ದಯವಿಟ್ಟು ಅದಕ್ಕೆ ನೀರು ಹಾಕಿ ಎಂದು. ಮರ ತಮ್ಮಲ್ಲಿ ಇರದಿದ್ದರೂ ಬದುಕಿರಲಿ ಎಂಬುದು ಒಡೆತನದ ಮಾತಲ್ಲ, ಕಾವಲುಗಾರನ ಮಾತು.

ಆದರೆ ಈ ಪ್ರೀತಿಗೂ ಒಂದು ಎಲ್ಲೆ ಬೇಕು. ಜಪಾನಿನ ‘ಹಾಚಿ ನೊ ಕಿ’ ಎಂಬ ಹಳೆಯ ನೋ ನಾಟಕದಲ್ಲಿ, ಎಲ್ಲವನ್ನೂ ಕಳೆದುಕೊಂಡ ಬಡ ಯೋಧನೊಬ್ಬನ ಗುಡಿಸಲಿಗೆ ಹಿಮ ಸುರಿಯುವ ರಾತ್ರಿಯಲ್ಲಿ ಅಲೆಮಾರಿ ಸನ್ಯಾಸಿಯೊಬ್ಬ ಬರುತ್ತಾನೆ. ಉರುವಲಿಲ್ಲ. ಸಿರಿಯಿದ್ದ ಕಾಲದ ನೆನಪಾಗಿ ಉಳಿದದ್ದು ಕುಂಡದ ಮೂರೇ ಗಿಡಗಳು: ಪ್ಲಮ್, ಚೆರ್ರಿ, ಪೈನ್. ಅತಿಥಿಗೆ ಚಳಿಯಾಗಬಾರದೆಂದು ಯೋಧ ಆ ಮೂರನ್ನೂ ಕಡಿದು ಒಲೆಗೆ ಹಾಕುತ್ತಾನೆ. ಬಂದವನು ನಾಡಿನ ಮಾಜಿ ಆಡಳಿತಗಾರನೆಂದೂ ಮುಂದೆ ಯೋಧನಿಗೆ ಬಹುಮಾನ ದೊರೆಯಿತೆಂದೂ ಕಥೆ ಹೇಳುತ್ತದೆ. ಬಹುಮಾನದ ಭಾಗ ನನಗೆ ಮುಖ್ಯವಲ್ಲ. ಕಡಿಯುವಾಗ ಆತನಿಗೆ ಅದು ಗೊತ್ತಿರಲಿಲ್ಲವಲ್ಲ! ಹವ್ಯಾಸ ಎಷ್ಟೇ ಉನ್ನತವಾಗಿರಲಿ, ಬಾಗಿಲಲ್ಲಿ ನಡುಗುತ್ತ ನಿಂತ ಮನುಷ್ಯನಿಗಿಂತ ಅದು ದೊಡ್ಡದಲ್ಲ. ಗಿಡದ ಮುಂದೆ ಗಂಟೆಗಟ್ಟಲೆ ಕೂರುವವನು ಮನೆಯವರ ಮಾತಿಗೆ ಐದು ನಿಮಿಷ ಕೊಡಲಾರದಿದ್ದರೆ, ಕುಂಡದಲ್ಲಿ ಬೆಳೆಯುತ್ತಿರುವುದು ಕಲೆಯಲ್ಲ, ಸ್ವಾರ್ಥ.

ತೊಡಗುವವರಿಗೆ ನಾಲ್ಕು ಮಾತು

ಇಷ್ಟನ್ನು ಓದಿ ಯಾರಿಗಾದರೂ ಆಸೆ ಹುಟ್ಟಿದರೆ, ಕಲಿಯುತ್ತಿರುವವನಾಗಿ ಕೆಲವು ಮಾತು ಹೇಳುತ್ತೇನೆ. ದುಬಾರಿ ಗಿಡ ಬೇಡ. ನಮ್ಮ ಹವೆಗೆ ಒಗ್ಗಿದ ಫೈಕಸ್, ಆಲ, ಬೋಗನ್‌ವಿಲಿಯಾ, ಪುಟ್ಟ ಎಲೆಯ ಜೇಡ್ ಇವುಗಳಲ್ಲೊಂದನ್ನು ಸಸ್ಯಕ್ಷೇತ್ರದಿಂದ ತಂದರೆ ಸಾಕು. ಬುಡ ದಪ್ಪಗಿರುವ ಗಿಡವನ್ನು ಆರಿಸಿರಿ. ಗೋಡೆಯ ಸಂದಿನಲ್ಲಿ ಹುಟ್ಟಿದ ಆಲದ ಸಸಿಯಾದರೂ ಆಗಬಹುದು. ಹೇಗಿದ್ದರೂ ಯಾರೋ ಒಬ್ಬರು ಅದನ್ನು ಕಿತ್ತೆಸೆಯುವವರೇ.

ಕುಂಡದ ತಳದಲ್ಲಿ ತೂತುಗಳಿರಬೇಕು. ಅವುಗಳ ಮೇಲೆ ಜಾಲರಿಯ ತುಣುಕಿರಲಿ. ಬರಿಯ ಕೆಮ್ಮಣ್ಣು ಗಟ್ಟಿಯಾಗುತ್ತದೆ. ಜರಡಿ ಹಿಡಿದ ಇಟ್ಟಿಗೆ ಚೂರು, ದಪ್ಪ ಮರಳು, ಸ್ವಲ್ಪ ಎರೆಗೊಬ್ಬರ ಬೆರೆಸಿದರೆ ನೀರು ನಿಲ್ಲದೆ ಇಳಿದುಹೋಗುತ್ತದೆ. ಗಿಡವನ್ನು ಅಲಂಕಾರಕ್ಕೆಂದು ನಡುಮನೆಯ ಮೇಜಿನ ಮೇಲಿಡಬೇಡಿ. ಅದು ಮರ, ಅದರ ಜಾಗ ಹೊರಗಿನ ಬೆಳಕು. ಗಡಿಯಾರ ನೋಡಿ ನೀರೆರೆಯಬೇಡಿ. ಬೆರಳಿನಿಂದ ಮಣ್ಣನ್ನು ಮುಟ್ಟಿ, ಮೇಲ್ಪದರ ಒಣಗುತ್ತ ಬಂದಿದ್ದರೆ ತಳದಿಂದ ಹರಿಯುವಷ್ಟು ಎರೆಯಿರಿ. ಬೇರು ಸವರುವಾಗ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ತೆಗೆಯದಿರಿ. ಆಮೇಲೆ ಕೆಲವು ವಾರ ನೆರಳಿನಲ್ಲಿಟ್ಟು, ಹೊಸ ಚಿಗುರು ಕಾಣುವ ತನಕ ಗೊಬ್ಬರ ಕೊಡಬೇಡಿ. ಮುಖ್ಯವಾಗಿ, ಬೇರು ಸವರುವುದು, ಕೊಂಬೆ ಕತ್ತರಿಸುವುದು, ತಂತಿ ಸುತ್ತುವುದು, ಮೂರನ್ನೂ ಒಂದೇ ದಿನ ಮಾಡುವ ಉತ್ಸಾಹವನ್ನು ತಡೆದುಕೊಳ್ಳಿ. ಒಂದು ಗಾಯ ಮಾಯುವ ತನಕ ಇನ್ನೊಂದನ್ನು ಮಾಡಬಾರದು. ಈ ನಿಯಮ ಗಿಡಗಳಿಗೆ ಮಾತ್ರ ಅನ್ವಯಿಸುತ್ತದೆಂದು ನನಗನಿಸುವುದಿಲ್ಲ.

ಎರಡು ವರ್ಷದ ಗಡುವು ಮುಗಿದ ದಿನ ಶಿಷ್ಯೆ ಬಂದಳು. “ಈಗ ಏನು ಹೇಳುತ್ತೀರಿ ಸರ್?” ಎಂದಳು. “ಮಕ್ಕಳನ್ನು ಬೊನ್ಸಾಯ್ ಮಾಡಬೇಡಿ ಎಂಬುದನ್ನು ಬಿಡುವುದಿಲ್ಲ. ಆದರೆ ಬೊನ್ಸಾಯ್‌ಗೆ ಕೊಡುವಷ್ಟಾದರೂ ಗಮನವನ್ನು ಮಕ್ಕಳಿಗೆ ಕೊಡಿ ಎಂದು ಸೇರಿಸುತ್ತೇನೆ” ಎಂದೆ. ಅವಳು ನಕ್ಕು, ಗಿಡವನ್ನು ತಿರುಗಿಸಿ ಗಾಯದ ಕೊಂಬೆಯನ್ನು ನೋಡಿದಳು. “ಈ ಬದಿಯನ್ನು ಹಿಂದಕ್ಕೆ ಮಾಡಿದರೆ ಗುರುತು ಕಾಣುವುದಿಲ್ಲ” ಎಂದಳು.

ನಾನು ಬೇಡವೆಂದೆ. ಆ ಗುರುತು ಎದುರಿಗೇ ಇರಲಿ. ಆ ಹುಡುಗ ಈಗ ಎಲ್ಲಿದ್ದಾನೋ ನನಗೆ ತಿಳಿಯದು. ಅವನ ಊರಿನ ಹೆಸರು ಗೊತ್ತು. ಈ ಮಳೆಗಾಲ ಕಳೆದ ಮೇಲೆ ಅಲ್ಲಿಗೆ ಹೋಗಿ ವಿಚಾರಿಸಬೇಕೆಂದಿದ್ದೇನೆ. ತಂತಿಯನ್ನು ಬಹಳ ತಡವಾಗಿ ತೆಗೆಯುವವನಿಗೂ, ತೆಗೆಯುವ ಹೊಣೆ ತಪ್ಪುವುದಿಲ್ಲ.